ಗೂಗಲ್‌ನಲ್ಲಿ ಸಿಗಲಿಲ್ಲ ಅಂದರೆ? ಹುಡುಕಾಟದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದಲ್ಲಿ ನಾನು ಸೈಬರ್ ಸೆಂಟರ್ ಇಟ್ಟು ಹದಿನೇಳು ವರ್ಷವಾಯಿತು. ಜೆರಾಕ್ಸ್, ಆನ್‌ಲೈನ್ ಅರ್ಜಿ, ಪಹಣಿ ಪ್ರಿಂಟು ಇವುಗಳ ನಡುವೆ ದಿನಕ್ಕೆ ಹತ್ತು ಸಲವಾದರೂ ಕಿವಿಗೆ ಬೀಳುವ ಮಾತು ಒಂದಿದೆ: "ಗೂಗಲ್‌ನಲ್ಲಿ ನೋಡಿದೆ, ಸಿಗಲಿಲ್ಲ." ಬೇಲೂರು, ಆಲೂರು ಕಡೆಯವರು, ಸಕಲೇಶಪುರ, ಮೂಡಿಗೆರೆಯ ತೋಟದವರು, ಪ್ರಾಜೆಕ್ಟ್ ಬರೆಯುವ ಕಾಲೇಜು ಮಕ್ಕಳು, ಎಲ್ಲರದ್ದೂ ಇದೇ. ಹುಡುಕಿದ್ದು ಇದ್ದೇ ಇತ್ತು, ಹುಡುಕಿದ ರೀತಿಯಿಂದ ಕೈತಪ್ಪಿತು ಅನ್ನುವುದನ್ನು ಎಷ್ಟೋ ಸಲ ಕಣ್ಣಾರೆ ಕಂಡಿದ್ದೇನೆ. ನಿಜವಾಗಿಯೂ ಇಂಟರ್ನೆಟ್‌ನಲ್ಲಿ ಇಲ್ಲದ್ದನ್ನು ಮೂರು ದಿನ ಹುಡುಕಿ ಸುಸ್ತಾದವರನ್ನೂ ಕಂಡಿದ್ದೇನೆ. ಅವರೆಲ್ಲ ಕೇಳಿದ ಪ್ರಶ್ನೆಗಳನ್ನೂ ನಾನು ಕೊಟ್ಟ ಉತ್ತರಗಳನ್ನೂ ಇಲ್ಲಿ ಬರೆದಿದ್ದೇನೆ.

ಗೂಗಲ್‌ನಲ್ಲಿ ಬರಲಿಲ್ಲ ಅಂದರೆ ಇಂಟರ್ನೆಟ್‌ನಲ್ಲೇ ಇಲ್ಲ ಅಂತ ತಾನೆ?

ಅಲ್ಲ. ನೀವು ಎಂಟರ್ ಒತ್ತಿದಾಗ ಗೂಗಲ್ ಇಂಟರ್ನೆಟ್ ಪೂರ್ತಿ ಓಡಾಡಿ ಹುಡುಕಿಕೊಂಡು ಬರುವುದಿಲ್ಲ. ತಾನು ಮೊದಲೇ ಓದಿ, ಪದಗಳ ಪಟ್ಟಿ ಮಾಡಿ ಇಟ್ಟುಕೊಂಡ ಉಗ್ರಾಣದೊಳಗೆ ಮಾತ್ರ ನೋಡುತ್ತದೆ. ಅದನ್ನು ಇಂಡೆಕ್ಸ್ ಅನ್ನುತ್ತಾರೆ. ಪುಸ್ತಕದ ಕೊನೆಯಲ್ಲಿ ಅಕಾರಾದಿ ಪಟ್ಟಿ ಇರುತ್ತದಲ್ಲ, ಹಾಗೆ: ಈ ಪದ ಈ ಈ ಪುಟದಲ್ಲಿದೆ ಅಂತ. ಉಗ್ರಾಣ ತುಂಬಿಸಲು ಕ್ರಾಲರ್ ಎಂಬ ತಂತ್ರಾಂಶ ಒಂದು ಪುಟದಿಂದ ಇನ್ನೊಂದಕ್ಕೆ ಲಿಂಕ್ ಹಿಡಿದು ಹೋಗುತ್ತಿರುತ್ತದೆ. ಯಾವ ಪುಟಕ್ಕೆ ಎಲ್ಲಿಂದಲೂ ಲಿಂಕ್ ಇಲ್ಲವೋ ಅದು ರಸ್ತೆಯಿಲ್ಲದ ಒಂಟಿಮನೆಯ ಹಾಗೆ, ಅಲ್ಲಿಗೆ ಕ್ರಾಲರ್ ತಲುಪುವುದೇ ಕಷ್ಟ.

ತಲುಪಿದ್ದನ್ನೆಲ್ಲ ಇಟ್ಟುಕೊಳ್ಳುತ್ತದೆ ಅಂತಲೂ ಅಲ್ಲ. ಒಂದು ಲಕ್ಷ ಕೋಟಿ ಬೇರೆ ಬೇರೆ ವಿಳಾಸಗಳು ತನ್ನ ಕಣ್ಣಿಗೆ ಬಿದ್ದಿವೆ ಎಂದು ಗೂಗಲ್ 2008ರಲ್ಲೇ ಹೇಳಿತ್ತು. ಇಂಡೆಕ್ಸ್‌ನಲ್ಲಿ ಇರುವುದು ನೂರಾರು ಶತಕೋಟಿ ಪುಟಗಳು ಎಂದು ಅದೇ ಕಂಪನಿ ಹೇಳುತ್ತದೆ. ಕಂಡದ್ದಕ್ಕೂ ಇಟ್ಟುಕೊಂಡದ್ದಕ್ಕೂ ನಡುವೆ ಅಷ್ಟು ಅಂತರವಿದೆ. ಒಂದೇ ವಿಷಯದ ನಕಲುಗಳು, ಕಸದಂಥ ಪುಟಗಳು ಬಿಟ್ಟುಹೋಗುವುದು ಒಳ್ಳೆಯದೇ. ಆದರೆ ಯಾರೂ ಹೆಚ್ಚು ನೋಡದ ಒಂದು ಸಣ್ಣ ಊರಿನ ಪುಟವೂ ಆ ಜರಡಿಯಲ್ಲಿ ಕೆಳಗೆ ಬಿದ್ದಿರಬಹುದು. ಇದರ ಜೊತೆಗೆ, "ನಮ್ಮ ಈ ಭಾಗವನ್ನು ಓದಬೇಡ" ಎಂದು ಕ್ರಾಲರ್‌ಗೆ ಸೂಚನೆ ಬರೆದಿಡುವ ಪದ್ಧತಿ 1994ರಿಂದಲೂ ಇದೆ. ವೆಬ್‌ಸೈಟ್ ಮಾಡಿಕೊಟ್ಟವರು ಗೊತ್ತಿಲ್ಲದೆ ಆ ಸೂಚನೆಯನ್ನು ಇಡೀ ಸೈಟಿಗೇ ಹಾಕಿಬಿಟ್ಟರೆ ಅಷ್ಟೂ ಪುಟಗಳು ಹುಡುಕಾಟದಿಂದ ದೂರ ಉಳಿಯುತ್ತವೆ.

ಸರ್ವೆ ನಂಬರ್, ಊರಿನ ಹೆಸರು ಎರಡೂ ಹಾಕಿದೆ. ನಮ್ಮ ಪಹಣಿ ಯಾಕೆ ಬರಲಿಲ್ಲ?

ನಮ್ಮಲ್ಲಿ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಭೂಮಿ ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಬಂದು ಇಪ್ಪತ್ತು ವರ್ಷ ಕಳೆದಿವೆ. ಎಲ್ಲವೂ ಆನ್‌ಲೈನ್‌ನಲ್ಲಿವೆ. ಆದರೆ ಒಂದೂ ಸಿದ್ಧ ಪುಟವಾಗಿ ಕೂತಿಲ್ಲ. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಸರ್ನೋಕ್, ಹಿಸ್ಸಾ ಇಷ್ಟನ್ನೂ ನೀವು ಆರಿಸಿದ ಮೇಲೆ ಆ ಹೊತ್ತಿಗೆ ನಿಮಗಾಗಿ ಆ ಪುಟ ತಯಾರಾಗುತ್ತದೆ. ಕ್ರಾಲರ್ ಲಿಂಕ್ ಹಿಡಿದು ನಡೆಯುತ್ತದೆಯೇ ಹೊರತು ಕೌಂಟರಿನಲ್ಲಿ ನಿಂತು ಅರ್ಜಿ ತುಂಬುವುದಿಲ್ಲ.

ಕೋರ್ಟ್ ಕೇಸಿನ ಸ್ಥಿತಿಗತಿ, ಮತದಾರರ ಪಟ್ಟಿ, ಪರೀಕ್ಷೆಯ ಫಲಿತಾಂಶ ಎಲ್ಲವೂ ಇದೇ ಜಾತಿ. ಕೆಲವಕ್ಕೆ ಕ್ಯಾಪ್ಚಾ ಬೇರೆ ಇರುತ್ತದೆ, ಅಂದರೆ ಯಂತ್ರ ಒಳಗೆ ಬರಬಾರದು ಅಂತಲೇ ಹಾಕಿದ ಬೀಗ. ಇಂಥವನ್ನು ಗೂಗಲ್‌ನಲ್ಲಿ ಹುಡುಕಬೇಡಿ. ಗೂಗಲ್‌ನಲ್ಲಿ ಹುಡುಕಬೇಕಾದ್ದು ಬಾಗಿಲನ್ನು: "ಭೂಮಿ ಪಹಣಿ", "ಇ-ಕೋರ್ಟ್ಸ್ ಕೇಸ್ ಸ್ಟೇಟಸ್" ಅಂತ. ಬಾಗಿಲು ಸಿಕ್ಕ ಮೇಲೆ ಒಳಗಿನ ಹುಡುಕಾಟ ನೀವೇ ಮಾಡಬೇಕು. ಕಂಪ್ಯೂಟರಿಗೆ ಮುಂಚಿನ ಕೈಬರಹದ ಪಹಣಿ ಬೇಕಿದ್ದರೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಅರ್ಜಿ ಕೊಡಿ. ಅದಕ್ಕಾಗಿ ಇಲ್ಲಿ ಗಂಟೆಗಟ್ಟಲೆ ಕೂರುವುದು ದಂಡ.

ಪಿಡಿಎಫ್ ನನ್ನ ಕಣ್ಣೆದುರೇ ಇದೆ, ಕನ್ನಡದಲ್ಲೇ ಇದೆ. ಆದರೂ ಅದರಲ್ಲಿರುವ ಪದ ಹಾಕಿ ಹುಡುಕಿದರೆ ಬರುವುದಿಲ್ಲವಲ್ಲ?

ಈ ಪ್ರಶ್ನೆಗೆ ಸ್ವಲ್ಪ ನಿಧಾನವಾಗಿ ಉತ್ತರಿಸುತ್ತೇನೆ. ಕನ್ನಡದ ಮಟ್ಟಿಗೆ ದೊಡ್ಡ ನಷ್ಟ ಆಗುತ್ತಿರುವುದು ಇಲ್ಲೇ.

ಮೊದಲನೆಯ ಕಾರಣ ಸ್ಕ್ಯಾನ್. ಸುತ್ತೋಲೆಗೆ ಸಹಿ, ಸೀಲು ಹಾಕಿ, ಸ್ಕ್ಯಾನ್ ಮಾಡಿ ಏರಿಸುತ್ತಾರೆ. ಅದು ಫೋಟೋ. ನಿಮಗೆ ಅದರಲ್ಲಿ ಅಕ್ಷರ ಕಾಣುತ್ತದೆ, ಯಂತ್ರಕ್ಕೆ ಕಪ್ಪು ಬಿಳುಪು ಚುಕ್ಕಿಗಳು ಕಾಣುತ್ತವೆ. ಚಿತ್ರದಿಂದ ಅಕ್ಷರ ಗುರುತಿಸುವ ಓಸಿಆರ್ ತಂತ್ರ ಈಗ ಕನ್ನಡಕ್ಕೂ ಇದೆ, ಸುಧಾರಿಸುತ್ತಲೂ ಇದೆ. ಆದರೆ ಮಸುಕಾದ ಜೆರಾಕ್ಸಿನ ಮೇಲೆ ಒತ್ತಕ್ಷರಗಳು ಒಂದಕ್ಕೊಂದು ಅಂಟಿಕೊಂಡಿದ್ದರೆ ಅದೂ ಎಡವುತ್ತದೆ.

ಎರಡನೆಯದು ಫಾಂಟ್. ಎಲ್ಲ ಕಂಪ್ಯೂಟರುಗಳೂ ಒಪ್ಪಿಕೊಂಡ ಅಕ್ಷರ ಸಂಕೇತ ಪದ್ಧತಿಯಾದ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತು. ಆದರೂ ನಮ್ಮ ಕಚೇರಿಗಳು, ಪ್ರೆಸ್ಸುಗಳು, ಡಿಟಿಪಿ ಅಂಗಡಿಗಳು ವರ್ಷಗಟ್ಟಲೆ ನುಡಿ, ಬರಹ, ಶ್ರೀಲಿಪಿ ಎಂಬ ತಂತ್ರಾಂಶಗಳ ಹಳೆಯ ಫಾಂಟಿನಲ್ಲೇ ಟೈಪ್ ಮಾಡಿದವು, ಕೆಲವು ಇಂದಿಗೂ ಮಾಡುತ್ತಿವೆ. ಆ ಕಾಲಕ್ಕೆ ಕನ್ನಡವನ್ನು ಕಂಪ್ಯೂಟರಿಗೆ ತಂದವು ಇವೇ, ಆ ಉಪಕಾರ ದೊಡ್ಡದು. ತೊಂದರೆ ಇರುವುದು ಒಳಗಿನ ಸಂಕೇತದಲ್ಲಿ. ಒಂದು ಫೈಲಿನಲ್ಲಿ "ಕನ್ನಡ" ಎಂದು ನುಡಿಯ ಹಳೆಯ ಫಾಂಟಿನಲ್ಲಿ ಬರೆದು, ಆಮೇಲೆ ಫಾಂಟ್ ಬದಲಾಯಿಸಿ ನೋಡಿ. ಇಂಗ್ಲಿಷಿನ ಪಿ, ನೆತ್ತಿಯ ಮೇಲೆ ಓರೆಗೆರೆ ಎಳೆದ ಎ, ಬ್ರಿಟನ್ನಿನ ಪೌಂಡ್ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ನರ ಒಂದು ಅಕ್ಷರ, ಕ್ಯೂ, ಮತ್ತೆ ಓರೆಗೆರೆಯ ಎ, ಹೀಗೆ ಸಾಲಾಗಿ ಕಾಣುತ್ತವೆ. ಸರ್ಚ್ ಎಂಜಿನ್ ಓದುವುದು ಈ ಸಾಲನ್ನು. ಅದರ ಲೆಕ್ಕದಲ್ಲಿ ಆ ಕಡತದಲ್ಲಿ ಒಂದೇ ಒಂದು ಕನ್ನಡ ಅಕ್ಷರವೂ ಇಲ್ಲ.

ಮೂರನೆಯದು ಸೊನ್ನೆ. ಈ ಎರಡು ಪದ ನೋಡಿ: ಶೃಂಗೇರಿ, ಶೃ೦ಗೇರಿ. ಮೊದಲನೆಯದರಲ್ಲಿ ಇರುವುದು ಅನುಸ್ವಾರ. ಎರಡನೆಯದರಲ್ಲಿ ಇರುವುದು ಕನ್ನಡ ಅಂಕಿಯ ಸೊನ್ನೆ. ಕಣ್ಣಿಗೆ ಹೆಚ್ಚುಕಮ್ಮಿ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಅವಸರದಲ್ಲಿ ಟೈಪ್ ಮಾಡುವವರು ಅಂಕಿಯ ಸೊನ್ನೆ ಒತ್ತಿ ಮುಂದೆ ಹೋಗಿರುತ್ತಾರೆ. ಗೂಗಲ್ ಕೆಲವು ಸಲ ತಾನೇ ತಿದ್ದಿಕೊಳ್ಳುತ್ತದೆ. ಫೈಲಿನ ಒಳಗೆ ಹುಡುಕುವ ಸೌಲಭ್ಯ ಸಾಮಾನ್ಯವಾಗಿ ತಿದ್ದಿಕೊಳ್ಳುವುದಿಲ್ಲ. ಹಾಗಾಗಿ ಒಂದು ಪದ ಸಿಗದಿದ್ದರೆ ಸೊನ್ನೆ ಇಲ್ಲದ ಬೇರೆ ಪದ ಹಾಕಿ ನೋಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಸರಿಯಾಗಿಯೇ ಟೈಪ್ ಮಾಡಿದ್ದೇನೆ, ಆದರೂ ಸಂಬಂಧವಿಲ್ಲದ್ದೇ ಬರುತ್ತದೆ. ತಪ್ಪು ಎಲ್ಲಿ?

ಒಂದು ಮಳೆಗಾಲದಲ್ಲಿ ಸಕಲೇಶಪುರ ಕಡೆಯ ಒಬ್ಬ ಅಕ್ಕ ಬಂದಿದ್ದರು. ಫೋನಿನಲ್ಲಿ ಬಳ್ಳಿಯ ಫೋಟೋ ತೋರಿಸಿ, "ನೋಡಣ್ಣ, ಎಂಟು ದಿನದಲ್ಲಿ ಎಲೆಯೆಲ್ಲ ಉದುರಿ ಬರೀ ಬಳ್ಳಿ ನಿಂತಿದೆ. ಎರಡು ದಿನದಿಂದ ಹುಡುಕ್ತಿದೀನಿ, ಬರೀ ಮೆಣಸಿನಕಾಯಿದೇ ಬರ್ತದೆ" ಅಂದರು. ಅವರು ಹಾಕಿದ್ದು "ಮೆಣಸು ಎಲೆ ಉದುರುವುದು". ಮಲೆನಾಡಿನಲ್ಲಿ ಮೆಣಸು ಅಂದರೆ ಮರಕ್ಕೆ ಹಬ್ಬುವ ಬಳ್ಳಿ, ಅನುಮಾನವೇ ಬೇಡ. ಬಯಲುಸೀಮೆಯಲ್ಲಿ ಎಷ್ಟೋ ಕಡೆ ಅದೇ ಮಾತು ಮೆಣಸಿನಕಾಯಿಗೆ ಹೋಗುತ್ತದೆ, ಅದರ ಬಗ್ಗೆ ಬರೆದ ಪುಟಗಳೂ ಹೆಚ್ಚು. ಯಂತ್ರ ಹೆಚ್ಚಿದ್ದ ಕಡೆಗೆ ವಾಲಿತು. ನಾವು "ಕಾಳುಮೆಣಸು ಸೊರಗು ರೋಗ" ಎಂದು ಹಾಕಿದೆವು. ತೋಟಗಾರಿಕೆ ಇಲಾಖೆಯವರೂ ಕೃಷಿ ವಿಜ್ಞಾನಿಗಳೂ ಬಳಸುವ ಪದ ಅದು. ಬೇರು ಕೊಳೆಯುವುದು, ಬುಡದಲ್ಲಿ ನೀರು ನಿಲ್ಲದಂತೆ ಬಸಿಗಾಲುವೆ, ಮಳೆಗೆ ಮುಂಚೆ ಶೇ 1ರ ಬೋರ್ಡೋ ದ್ರಾವಣ, ಅಂದರೆ 1 ಕೆ.ಜಿ ಮೈಲುತುತ್ತ, 1 ಕೆ.ಜಿ ಸುಣ್ಣ, 100 ಲೀಟರ್ ನೀರು, ಎಲ್ಲವೂ ಮೊದಲ ಪುಟದಲ್ಲೇ ಬಂತು. ಅವರು ಬರೆದುಕೊಂಡು ಹೋದರು.

ಆ ಎರಡು ದಿನ ಅವರು ಹುಡುಕಿದ್ದರಲ್ಲಿ ತಪ್ಪಿರಲಿಲ್ಲ. ತೋಟದವರ ಮಾತು ಬೇರೆ, ಬರೆಯುವವರ ಮಾತು ಬೇರೆ, ಅಷ್ಟೇ. ಕಾಫಿಯವರು "ಬೋರರ್" ಅನ್ನುವುದನ್ನು ಪುಸ್ತಕದಲ್ಲಿ "ಬಿಳಿ ಕಾಂಡಕೊರಕ" ಎಂದು ಬರೆದಿರುತ್ತಾರೆ. ನಾವು ಹಾಕುವ ಪದದಲ್ಲಿ ಹುಡುಕಿದರೆ ಸಾಲದು, ಆ ಪುಟ ಬರೆದವರು ಯಾವ ಪದ ಬಳಸಿರಬಹುದು ಅಂತ ಊಹಿಸಬೇಕು. ಹುಡುಕಾಟದ ಮುಕ್ಕಾಲು ಕೆಲಸ ಇದೇ.

ಇದು ನಮ್ಮೂರಿನ ತೊಂದರೆ ಮಾತ್ರ ಅಲ್ಲ. ಅಮೆರಿಕದಲ್ಲಿ ಬ್ಲೇರ್ ಮತ್ತು ಮ್ಯಾರನ್ ಎಂಬ ಇಬ್ಬರು ಸಂಶೋಧಕರು 1985ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಂದು ದೊಡ್ಡ ಮೊಕದ್ದಮೆಗೆ ಸೇರಿದ ಸುಮಾರು 40,000 ದಾಖಲೆಗಳನ್ನು ಕಂಪ್ಯೂಟರಿಗೆ ಹಾಕಿ, ವಕೀಲರು ತಮಗೆ ಬೇಕಾದ್ದನ್ನು ಹುಡುಕಿಸಿದರು. ಬೇಕಿದ್ದರಲ್ಲಿ ಮುಕ್ಕಾಲು ಪಾಲು ಸಿಕ್ಕಿದೆ ಎಂದು ವಕೀಲರ ನಂಬಿಕೆ. ಲೆಕ್ಕ ಹಾಕಿ ನೋಡಿದರೆ ಸಿಕ್ಕಿದ್ದು ಐದರಲ್ಲಿ ಒಂದು ಪಾಲು. ಕಾರಣ ಅದೇ ಪದಗಳ ಕಥೆ: ಇವರು "ಅಪಘಾತ" ಎಂದು ಹುಡುಕಿದರೆ, ದಾಖಲೆ ಬರೆದವರು ಅದನ್ನೇ "ಘಟನೆ", "ಸಮಸ್ಯೆ", "ತೊಂದರೆ" ಎಂದೆಲ್ಲ ಬರೆದಿದ್ದರು. ನನಗೆ ಇದರಲ್ಲಿ ಹೆಚ್ಚು ಕಾಡುವುದು ಆ ಮುಕ್ಕಾಲು ಪಾಲಿನ ನಂಬಿಕೆ. ಸಿಕ್ಕಿದ್ದು ಕಣ್ಣೆದುರು ಇರುತ್ತದೆ, ತಪ್ಪಿಹೋದದ್ದು ಎಷ್ಟು ಅಂತ ಹೇಳುವವರು ಯಾರೂ ಇರುವುದಿಲ್ಲ.

ಕನ್ನಡದಲ್ಲಿ ಹುಡುಕಬೇಕೋ, ಇಂಗ್ಲಿಷಿನಲ್ಲೋ?

ಎರಡರಲ್ಲೂ. ಕನ್ನಡದಲ್ಲಿ ಒಂದೇ ಪದ ಹತ್ತಾರು ರೂಪ ತಾಳುತ್ತದೆ: ತೋಟ, ತೋಟದ, ತೋಟಕ್ಕೆ, ತೋಟದಲ್ಲಿ, ತೋಟಗಳಿಂದ, ತೋಟದಲ್ಲಿದ್ದ. ಇವೆಲ್ಲದರ ಬೇರು ಒಂದೇ ಎಂದು ಯಂತ್ರ ಪ್ರತಿ ಸಲವೂ ಗುರುತು ಹಿಡಿಯುವುದಿಲ್ಲ. ಸಂಧಿ, ಸಮಾಸ ಸೇರಿದರಂತೂ ಇನ್ನೂ ಕಷ್ಟ. ಆದ್ದರಿಂದ ಪೂರ್ತಿ ವಾಕ್ಯ ಹಾಕುವ ಬದಲು ಪ್ರತ್ಯಯವಿಲ್ಲದ ಎರಡು ಮೂರು ಮೂಲ ಪದ ಹಾಕಿ, ಆಮೇಲೆ ರೂಪ ಬದಲಿಸಿ ಇನ್ನೊಮ್ಮೆ ಹಾಕಿ.

ಇಂಗ್ಲಿಷಿನಲ್ಲಿ ಹುಡುಕುವಾಗ ನಮ್ಮ ಊರ ಹೆಸರುಗಳದ್ದೇ ಪೇಚು. ಚಿಕ್ಕಮಗಳೂರಿನ ಇಂಗ್ಲಿಷ್ ಕಾಗುಣಿತ 2014ರ ನವೆಂಬರ್ 1ರಂದು ಅಧಿಕೃತವಾಗಿ ಬದಲಾಯಿತು. ಅದಕ್ಕೆ ಹಿಂದಿನ ಕಾಗದಗಳೆಲ್ಲ ಹಳೆಯ ಕಾಗುಣಿತದಲ್ಲಿವೆ. ಸಕಲೇಶಪುರ, ಹಳೇಬೀಡುಗಳಿಗೆ ಇಂಗ್ಲಿಷಿನಲ್ಲಿ ಮೂರು ನಾಲ್ಕು ರೂಪ ಓಡಾಡುತ್ತಿವೆ. ಹಾಸನದ ಕಥೆ ಇನ್ನೂ ಬೇರೆ, ಇಂಗ್ಲಿಷಿನಲ್ಲಿ ಹಾಸನ, ಹಸನ್ ಎರಡರ ಕಾಗುಣಿತವೂ ಒಂದೇ. ಇಂಗ್ಲಿಷಿನಲ್ಲಿ ಬರೀ ಹಾಸನ ಎಂದು ಹಾಕಿ ಗೋಪುರ ಎಂದರೆ ಮೊರಾಕ್ಕೊ ದೇಶದ ರಬಾತ್ ನಗರದ ಹಸನ್ ಗೋಪುರ ಬಂದು ನಿಲ್ಲುತ್ತದೆ. ಜೊತೆಗೆ "ಕರ್ನಾಟಕ" ಎಂದೋ, ಬೇಲೂರು ಎಂದೋ ಸೇರಿಸಿದರೆ ಮಾತ್ರ ಊರಿಗೆ ವಾಪಸ್ಸು ಬರಬಹುದು.

ಇನ್ನೊಂದು ಎಚ್ಚರಿಕೆ. ಕನ್ನಡದಲ್ಲಿ ಬರುವ ಪುಟಗಳಲ್ಲಿ ಯಂತ್ರಾನುವಾದದವು ಈಗ ತುಂಬ ಇವೆ. ಔಷಧ, ಗೊಬ್ಬರ, ಕೀಟನಾಶಕದ ಅಳತೆ ಅಂಥ ಪುಟದಿಂದ ತೆಗೆದುಕೊಳ್ಳಬೇಡಿ. ಓದುವಾಗ ಕನ್ನಡ ತಡವರಿಸುತ್ತಿದೆ ಅನಿಸಿದರೆ ಮೂಲ ಎಲ್ಲಿಯದು ಎಂದು ನೋಡಿ.

ನಮ್ಮೂರ ಇತಿಹಾಸ ಹುಡುಕುತ್ತಿದ್ದೇನೆ. ಹೆಸರು ಹಾಕಿದರೆ ಬರೀ ಹೋಮ್‌ಸ್ಟೇ, ಪಿನ್‌ಕೋಡ್, ಹವಾಮಾನ ಬರುತ್ತದೆ. ಏನು ಮಾಡಲಿ?

ಊರಿನ ಹೆಸರನ್ನು ಪಟ್ಟಿಯಿಂದ ಎತ್ತಿ ತಾನಾಗಿ ಪುಟ ತಯಾರಿಸುವ ಸೈಟುಗಳು ಲೆಕ್ಕವಿಲ್ಲದಷ್ಟಿವೆ. ಅವುಗಳಲ್ಲಿ ಊರಿನ ಬಗ್ಗೆ ಊರಿನವರಿಗೆ ಗೊತ್ತಿಲ್ಲದ್ದು ಏನೂ ಇರುವುದಿಲ್ಲ. ನಿಮಗೆ ಬೇಕಾದ್ದು ಇರುವುದು ಹಳೆಯ ಪುಸ್ತಕಗಳಲ್ಲಿ, ಹಳೆಯ ಹೆಸರಿನ ಅಡಿಯಲ್ಲಿ.

ಚಿಕ್ಕಮಗಳೂರು ಜಿಲ್ಲೆಯನ್ನು 1947ರ ವರೆಗೆ ಕರೆಯುತ್ತಿದ್ದದ್ದು ಕಡೂರು ಜಿಲ್ಲೆ ಎಂದು. ಆಡಳಿತ ನಡೆಯುತ್ತಿದ್ದದ್ದು ಚಿಕ್ಕಮಗಳೂರಿನಿಂದಲೇ, ಹೆಸರು ಮಾತ್ರ ಕಡೂರಿನದು. ಹೀಗಾಗಿ ಹಳೆಯ ಗೆಜೆಟಿಯರ್, ವರದಿ, ಶಾಸನ ಸಂಪುಟ ಯಾವುದನ್ನು ಹುಡುಕಿದರೂ "ಕಡೂರು" ಎಂದು ಹಾಕದಿದ್ದರೆ ಕೈಗೆ ಹತ್ತುವುದಿಲ್ಲ. ಬಿ. ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಗ್ರಹದಲ್ಲಿ 5ನೆಯ ಸಂಪುಟ ಹಾಸನ ಜಿಲ್ಲೆಯದು, 6ನೆಯದು ಕಡೂರು ಜಿಲ್ಲೆಯದು. ಮೈಸೂರು ವಿಶ್ವವಿದ್ಯಾನಿಲಯ ಹೊರತಂದ ಪರಿಷ್ಕೃತ ಆವೃತ್ತಿಯಲ್ಲಿ ಸಂಪುಟಗಳ ಸಂಖ್ಯೆಯೇ ಬೇರೆ. ಒಂದನ್ನು ನೋಡಿ ಇನ್ನೊಂದರ ಸಂಖ್ಯೆ ಹಾಕಿದರೆ ಬೇರೆ ಜಿಲ್ಲೆಗೆ ಹೋಗಿ ಬೀಳುತ್ತೀರಿ. ಹಳೇಬೀಡಿಗೂ ಹಾಗೆಯೇ, "ದೋರಸಮುದ್ರ", "ದ್ವಾರಸಮುದ್ರ" ಎರಡೂ ಹಾಕಬೇಕು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು ಬಹಳ ಸಂತೋಷ. ಆದರೆ ಆಮೇಲೆ ಪ್ರವಾಸದ ಪುಟಗಳು ಎಷ್ಟು ಬಂದವೆಂದರೆ ಶಿಲ್ಪ, ಶಾಸನದ ಬಗ್ಗೆ ಶ್ರದ್ಧೆಯಿಂದ ಬರೆದವು ಇನ್ನೂ ಕೆಳಕ್ಕೆ ಹೋದವು.

ಬೇಲೂರು ತಾಲ್ಲೂಕಿನ ಒಬ್ಬ ನಿವೃತ್ತ ಮೇಷ್ಟ್ರು ನಮ್ಮಲ್ಲಿ ಒಂದು ವಾರ ಕೂತಿದ್ದರು. ಊರ ಬಾಗಿಲಲ್ಲಿ ಅರ್ಧ ಹೂತ ಒಂದು ಕಲ್ಲಿದೆ, ಅದರಲ್ಲಿ ಏನು ಬರೆದಿದೆ ಅಂತ ಸಾಯುವುದರೊಳಗೆ ತಿಳಿಯಬೇಕು ಅನ್ನುತ್ತಿದ್ದರು. ಊರಿನ ಹೆಸರನ್ನು ಕನ್ನಡದಲ್ಲಿ, ಇಂಗ್ಲಿಷಿನಲ್ಲಿ ಹತ್ತು ಬಗೆಯಾಗಿ ಹಾಕಿದೆವು. ಬರಲಿಲ್ಲ. ಕೊನೆಗೆ ಹಳೆಯ ಪುಸ್ತಕ, ವೆಬ್ ಪುಟಗಳನ್ನು ಉಳಿಸಿಡುವ ಇಂಟರ್ನೆಟ್ ಆರ್ಕೈವ್‌ನಲ್ಲಿ ಇರುವ ಸ್ಕ್ಯಾನ್ ಪ್ರತಿಯನ್ನೇ ತೆರೆದು, ಹಾಸನದ ಸಂಪುಟದಲ್ಲಿ ಬೇಲೂರು ತಾಲ್ಲೂಕಿನ ಭಾಗ ಹಿಡಿದು, ಪುಟ ಪುಟ ತಿರುಗಿಸಿದೆವು. ರೈಸ್ ಶಾಸನಗಳನ್ನು ತಾಲ್ಲೂಕುವಾರು ಸಂಖ್ಯೆ ಕೊಟ್ಟು ಜೋಡಿಸಿದ್ದರಿಂದ ಅದು ಸಾಧ್ಯವಾಯಿತು. ಮೂರನೆಯ ದಿನ ಸಂಜೆ ಊರ ಹೆಸರು ಸಿಕ್ಕಿತು, ಕೊನೆಯ ಎರಡಕ್ಷರ ಬೇರೆಯೇ ಆಗಿತ್ತು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡು ಆ ಎಂಟು ಸಾಲನ್ನು ಗಟ್ಟಿಯಾಗಿ ಓದಿದರು. ಕೆರೆಗೆ ಬಿಟ್ಟ ಗದ್ದೆಯ ದಾನ ಅದು. ಆ ಕೆರೆ ಇವತ್ತಿಗೂ ಇದೆಯಂತೆ.

ಇಂಥ ಸ್ಕ್ಯಾನ್ ಸಂಗ್ರಹಗಳಲ್ಲಿ ಕನ್ನಡ ಪುಸ್ತಕಗಳ ಹೆಸರನ್ನು ಎಷ್ಟೋ ಸಲ ಇಂಗ್ಲಿಷ್ ಅಕ್ಷರದಲ್ಲಿ, ಅದೂ ತಪ್ಪುತಪ್ಪಾಗಿ ದಾಖಲಿಸಿದ್ದಾರೆ. ಹೆಸರಿನಿಂದ ಸಿಗದಿದ್ದರೆ ಲೇಖಕರ ಹೆಸರು, ಪ್ರಕಟಣೆಯ ವರ್ಷ, ಪ್ರಕಾಶಕರ ಹೆಸರು ಹೀಗೆ ಬೇರೆ ಬೇರೆ ದಾರಿಯಿಂದ ಒಳಗೆ ಹೋಗಿ.

ಮೊದಲಿಗೆ ಬಂದದ್ದೇ ಸರಿಯಾದ್ದು ಅಲ್ಲವೇ?

ಎಷ್ಟೋ ಸಲ ಹೌದು. ಗೂಗಲ್ ಹೆಸರು ಮಾಡಿದ್ದೇ ಅದಕ್ಕೆ. ಅದನ್ನು ಕಟ್ಟಿದ ಲ್ಯಾರಿ ಪೇಜ್, ಸರ್ಗೆ ಬ್ರಿನ್ 1998ರಲ್ಲಿ ಮುಂದಿಟ್ಟ ಉಪಾಯದ ತಿರುಳು ಇಷ್ಟು: ಒಂದು ಪುಟಕ್ಕೆ ಬೇರೆ ಪುಟಗಳು ಕೊಟ್ಟ ಲಿಂಕ್ ಒಂದು ಮತವಿದ್ದಂತೆ, ಹೆಚ್ಚು ಮತ ಪಡೆದ ಪುಟದ ಮತಕ್ಕೆ ಬೆಲೆಯೂ ಹೆಚ್ಚು. ಇಂದು ಅದರ ಜೊತೆಗೆ ಬೇರೆ ನೂರಾರು ಅಂಶ ಸೇರಿವೆ. ಆದರೆ ಮತ ಎಂದ ಮೇಲೆ ಹೆಚ್ಚು ಜನ ಹೋದ ಕಡೆಗೆ ತಕ್ಕಡಿ ತೂಗುತ್ತದೆ. ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿ ಸಂಶೋಧನಾ ಕೇಂದ್ರವಿದೆ. ಅಲ್ಲಿಯ ವಿಜ್ಞಾನಿಗಳ ಮಾತಿಗಿಂತ ಎಲ್ಲೋ ಕೂತು ಕಾಫಿಯ ಬಗ್ಗೆ ಅಂದವಾಗಿ ಬರೆದವರ ಪುಟ ಮೇಲೆ ಬರುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ.

ತುದಿಯಲ್ಲಿ "ಪ್ರಾಯೋಜಿತ" ಎಂದಿದ್ದರೆ ಅದು ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತು. ಅದರ ಕೆಳಗಿನವೂ ಮೇಲೆ ಬರಲೆಂದೇ ಬರೆಸಿದವು ಆಗಿರಬಹುದು. ಒಂದು ಕಡೆ ಮಾತ್ರ ಕೈಮುಗಿದು ಕೇಳುತ್ತೇನೆ: ಬ್ಯಾಂಕ್, ಗ್ಯಾಸ್, ಕೊರಿಯರ್, ರೀಚಾರ್ಜ್ ಯಾವುದರದ್ದೇ ಕಸ್ಟಮರ್ ಕೇರ್ ನಂಬರನ್ನು ಹುಡುಕಿ ಬಂದ ಪಟ್ಟಿಯಿಂದ ತೆಗೆದುಕೊಳ್ಳಬೇಡಿ. ವಂಚಕರು ತಮ್ಮ ನಂಬರನ್ನು ಅಲ್ಲಿ ಕಾಣುವಂತೆ ಮಾಡುತ್ತಾರೆ. ಹಾಗೆ ನಂಬಿ ಒಟಿಪಿ ಹೇಳಿ, ಮಗಳ ಫೀಸಿಗೆ ಇಟ್ಟಿದ್ದ ಹಣ ಕಳೆದುಕೊಂಡ ತಾಯಿಯೊಬ್ಬರು ನಮ್ಮ ಅಂಗಡಿಯ ಬೆಂಚಿನ ಮೇಲೇ ಕೂತು ಅತ್ತಿದ್ದಾರೆ. ಪಾಸ್‌ಬುಕ್‌ನಲ್ಲಿ, ಎಟಿಎಂ ಕಾರ್ಡಿನ ಹಿಂದೆ, ಬಿಲ್ಲಿನಲ್ಲಿ ಇರುವ ನಂಬರ್ ಮಾತ್ರ ಬಳಸಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

"ಲಕ್ಷಾಂತರ ಫಲಿತಾಂಶ" ಅಂತ ತೋರಿಸುತ್ತದಲ್ಲ, ಅಷ್ಟೂ ನೋಡಬಹುದೇ?

ಇಲ್ಲ. ಅದು ಅಂದಾಜು. ಪುಟ ತಿರುಗಿಸುತ್ತ ಹೋದರೆ ಕೆಲವು ನೂರಕ್ಕೆ ನಿಂತುಹೋಗುತ್ತದೆ. ಉಳಿದದ್ದು ನೋಡಬೇಕಾದರೆ ಪ್ರಶ್ನೆಯನ್ನೇ ಬದಲಿಸಿ ಕೇಳಬೇಕು.

ಹಾಸನಾಂಬೆ ದರ್ಶನ ಈ ವರ್ಷ ಯಾವತ್ತಿನಿಂದ ಎಂದು ಹುಡುಕಿದರೆ ಹಳೆಯ ದಿನಾಂಕ ಬರುತ್ತದೆ. ಯಾಕೆ?

ಪ್ರತಿ ವರ್ಷ ದೀಪಾವಳಿಗೆ ಮುಂಚೆ ಈ ಗೊಂದಲ ಇದ್ದದ್ದೇ. ವರ್ಷಕ್ಕೊಮ್ಮೆ ಕೆಲವೇ ದಿನ ಬಾಗಿಲು ತೆಗೆಯುವ ಗುಡಿ ಅದು. ಆಶ್ವಯುಜ ಹುಣ್ಣಿಮೆ ಕಳೆದು ಬರುವ ಗುರುವಾರ ತೆಗೆದು ಬಲಿಪಾಡ್ಯಮಿಯ ನಂತರ ಮುಚ್ಚುವುದು ವಾಡಿಕೆ, ಹಾಗಾಗಿ ತಾರೀಖು ವರ್ಷ ವರ್ಷ ಬೇರೆ. ಕಳೆದ ವರ್ಷದ ಸುದ್ದಿಗೆ ಒಂದು ವರ್ಷ ಪೂರ್ತಿ ಓದುಗರೂ ಲಿಂಕೂ ಸಿಕ್ಕಿರುತ್ತವೆ, ಈ ವರ್ಷದ್ದು ನಿನ್ನೆ ಬಂದದ್ದು. ಹುಡುಕುವಾಗ ಇಸವಿಯನ್ನು ಸೇರಿಸಿ. ಟೂಲ್ಸ್ ಒತ್ತಿ "ಕಳೆದ ವಾರ", "ಕಳೆದ ತಿಂಗಳು" ಎಂದು ಕಾಲಮಿತಿ ಹಾಕಿ. ಪುಟ ತೆರೆದ ಮೇಲೂ ದಿನಾಂಕ ನೋಡಿಯೇ ಬಸ್ಸಿನ ಟಿಕೆಟ್ ಮಾಡಿಸಿ.

ಮೊನ್ನೆ ನೋಡಿದ ಪುಟ ಇವತ್ತು ತೆರೆಯುತ್ತಿಲ್ಲ. ಹೋಯಿತೇ?

ಹೋಗಿರಬಹುದು. ಇಲಾಖೆಗಳು ವೆಬ್‌ಸೈಟನ್ನು ಹೊಸದಾಗಿ ಮಾಡಿದಾಗ ಹಳೆಯ ವಿಳಾಸಗಳೆಲ್ಲ ಒಮ್ಮೆಗೇ ಸಾಯುತ್ತವೆ. ಆದರೂ ಒಂದು ಪ್ರಯತ್ನ ಮಾಡಿ. 1996ರಲ್ಲಿ ಆರಂಭವಾದ ಇಂಟರ್ನೆಟ್ ಆರ್ಕೈವ್ ಸಂಸ್ಥೆಯ ವೇಬ್ಯಾಕ್ ಮೆಷಿನ್‌ನಲ್ಲಿ ಆ ಪುಟದ ವಿಳಾಸ ಅಂಟಿಸಿದರೆ, ಹಿಂದೆ ಯಾವ ಯಾವ ದಿನ ಅದರ ನಕಲು ತೆಗೆದಿಟ್ಟಿದ್ದಾರೆ ಎಂದು ತೋರಿಸುತ್ತದೆ. ಅಲ್ಲಿಗೆ ವಿಳಾಸವೇ ಬೇಕಾಗುವುದರಿಂದ, ಮುಖ್ಯ ಅನಿಸಿದ ಪುಟದ ವಿಳಾಸವನ್ನು ಬರೆದಿಟ್ಟುಕೊಳ್ಳಿ. ಗೂಗಲ್ ತನ್ನ ಬಳಿಯ ನಕಲು ತೋರಿಸುವ ಸೌಲಭ್ಯವನ್ನು 2024ರಲ್ಲಿ ತೆಗೆದುಹಾಕಿದೆ.

ಇವತ್ತಿನ ಕಾಫಿ, ಮೆಣಸಿನ ರೇಟು ವಾಟ್ಸ್ಯಾಪ್‌ನಲ್ಲಿ ಬರುತ್ತದೆ, ಗೂಗಲ್‌ನಲ್ಲಿ ಯಾಕೆ ಇಲ್ಲ?

ವಾಟ್ಸ್ಯಾಪ್ ಗುಂಪಿನೊಳಗೆ ಯಾವ ಸರ್ಚ್ ಎಂಜಿನ್ನೂ ಕಾಲಿಡುವುದಿಲ್ಲ. ಮುಚ್ಚಿದ ಫೇಸ್‌ಬುಕ್ ಗುಂಪುಗಳೂ ಹಾಗೆಯೇ. ರೊಬಸ್ಟಾ ಚೆರಿ, ಅಂದರೆ ಒಣಗಿಸಿದ ಕಾಫಿ ಹಣ್ಣು, 50 ಕೆ.ಜಿ ಮೂಟೆಗೆ ಎಷ್ಟು, ಓಟಿ, ಅಂದರೆ ಮೂಟೆಯಿಂದ ಸಿಗುವ ಕಾಳಿನ ತೂಕ, ಎಷ್ಟಕ್ಕೆ ಹಿಡಿಯುತ್ತಿದ್ದಾರೆ ಅನ್ನುವ ಮಾತೆಲ್ಲ ನಡೆಯುವುದು ಅಲ್ಲೇ. ಬೆಳೆಗಾರರ ಎಷ್ಟೋ ವರ್ಷದ ಅನುಭವವೂ ಅಲ್ಲೇ ಹರಿದುಹೋಗುತ್ತದೆ, ಮುಂದಿನ ವರ್ಷ ಬೇಕು ಅಂದರೆ ಯಾರ ಕೈಗೂ ಸಿಗುವುದಿಲ್ಲ. ನನಗೆ ನಿಜವಾಗಿ ಸಂಕಟ ಆಗುವುದು ಇದರ ಬಗ್ಗೆ.

ನನ್ನ ಫೋನಿನಲ್ಲಿ ಬಂದದ್ದು ತಮ್ಮನ ಫೋನಿನಲ್ಲಿ ಬರುತ್ತಿಲ್ಲವಲ್ಲ?

ನೀವಿರುವ ಜಾಗ, ಫೋನಿನ ಭಾಷೆ, ಹಿಂದೆ ಹುಡುಕಿದ್ದು ಇವನ್ನೆಲ್ಲ ನೋಡಿಕೊಂಡು ಫಲಿತಾಂಶದ ಕ್ರಮ ಬದಲಾಗುತ್ತದೆ. ಬೇರೊಂದು ಸರ್ಚ್ ಎಂಜಿನ್‌ನಲ್ಲಿ, ಬಿಂಗ್‌ನಲ್ಲೋ ಡಕ್‌ಡಕ್‌ಗೋದಲ್ಲೋ, ಒಮ್ಮೆ ಹಾಕಿ ನೋಡಿ.

ಈಗ ಎಐ ನೇರವಾಗಿ ಉತ್ತರವನ್ನೇ ಕೊಡುತ್ತದೆ. ಇನ್ನು ಪುಟ ಹುಡುಕುವ ಕೆಲಸವೇಕೆ?

ಆ ಉತ್ತರವೂ ಪುಟಗಳಿಂದಲೇ ಕಲಿತು, ಕಲಸಿ ಕೊಟ್ಟದ್ದು. ಪುಟದಲ್ಲಿ ತಪ್ಪಿದ್ದರೆ ಅಲ್ಲೂ ತಪ್ಪು. 2024ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಗೂಗಲ್‌ನ ಎಐ ಉತ್ತರ, ಪಿಜ್ಜಾ ಮೇಲೆ ಚೀಸ್ ನಿಲ್ಲಲು ಅಂಟು ಸೇರಿಸಿ ಎಂದು ಹೇಳಿತು. ಯಾರೋ ಹನ್ನೊಂದು ವರ್ಷದ ಹಿಂದೆ ತಮಾಷೆಗೆ ಬರೆದದ್ದನ್ನು ಅದು ನಿಜವೆಂದು ಎತ್ತಿಕೊಂಡಿತ್ತು. ಪುಟಗಳ ಪಟ್ಟಿ ಇದ್ದಾಗ ಬರೆದವರು ಯಾರು, ಯಾವಾಗ ಎಂದಾದರೂ ಕಾಣುತ್ತಿತ್ತು. ಎಲ್ಲ ಕಲಸಿದ ಮೇಲೆ ಅದು ಕಾಣದು. ಕನ್ನಡದಲ್ಲಿ, ಅದರಲ್ಲೂ ನಮ್ಮ ಜಿಲ್ಲೆಗಳ ಸಂಗತಿಯಲ್ಲಿ, ಓದಲು ಸಿಕ್ಕ ಸಾಮಗ್ರಿಯೇ ಕಡಿಮೆ ಇರುವಾಗ ಅದು ಊಹೆಯನ್ನೇ ಗಟ್ಟಿ ದನಿಯಲ್ಲಿ ಹೇಳಿಬಿಡಬಹುದು. ಪದ ತಿಳಿಯಲು ಅದನ್ನು ಬಳಸಿ: "ಈ ರೋಗಕ್ಕೆ ಪುಸ್ತಕದಲ್ಲಿ ಏನನ್ನುತ್ತಾರೆ" ಎಂದು ಕೇಳಿ, ಆ ಪದ ಹಿಡಿದು ಮೂಲ ಪುಟಕ್ಕೆ ಹೋಗಿ. ಔಷಧದ ಪ್ರಮಾಣ, ಕಾನೂನು, ಕೊನೆಯ ದಿನಾಂಕ ಇವಕ್ಕೆ ಮೂಲವನ್ನೇ ನೋಡಿ.

ಹಾಗಾದರೆ ಸರಿಯಾಗಿ ಹುಡುಕುವುದು ಹೇಗೆ?

ನಾನು ಮಾಡುವುದನ್ನು ಹೇಳುತ್ತೇನೆ. ಮೊದಲು ಒಂದು ಚೀಟಿಯಲ್ಲಿ ಆ ವಿಷಯಕ್ಕೆ ಇರುವ ಹೆಸರುಗಳನ್ನೆಲ್ಲ ಬರೆದುಕೊಳ್ಳುತ್ತೇನೆ: ಮನೆಯ ಮಾತು, ಇಲಾಖೆಯ ಮಾತು, ಇಂಗ್ಲಿಷಿನದು, ಹಳೆಯದು. ಒಂದೊಂದನ್ನೇ ಹಾಕುತ್ತೇನೆ. ಒಂದು ಒಳ್ಳೆಯ ಪುಟ ಸಿಕ್ಕರೆ ಅದನ್ನು ಓದಿ, ಅದರಲ್ಲಿರುವ ಹೊಸ ಪದಗಳನ್ನು ಚೀಟಿಗೆ ಸೇರಿಸಿ ಮತ್ತೆ ಹುಡುಕುತ್ತೇನೆ. ಎರಡನೆಯ ಸುತ್ತಿನಲ್ಲಿ ಸಿಗುವುದೇ ಹೆಚ್ಚು.

ಪದಗಳು ಅದೇ ಕ್ರಮದಲ್ಲಿ ಒಟ್ಟಿಗೇ ಬರಬೇಕಾದರೆ ಎರಡೂ ಕಡೆ ಉದ್ಧರಣ ಚಿಹ್ನೆ ಹಾಕಿ. ಬೇಡದ ಪದಕ್ಕೆ ಮೊದಲು, ನಡುವೆ ಜಾಗ ಬಿಡದೆ, ಮೈನಸ್ ಹಾಕಿ: ಕಾಡುವ ಹೋಮ್‌ಸ್ಟೇಗಳನ್ನು ದೂರವಿಡಲು ಇದು ಒಳ್ಳೆಯ ಉಪಾಯ. ಒಂದೇ ವೆಬ್‌ಸೈಟಿನ ಒಳಗೆ ಹುಡುಕಬೇಕಾದರೆ ಇಂಗ್ಲಿಷಿನಲ್ಲಿ ಸೈಟ್ ಎಂದು ಬರೆದು, ಕೋಲನ್ ಹಾಕಿ, ಜಾಗ ಬಿಡದೆ ಆ ವೆಬ್‌ಸೈಟಿನ ಹೆಸರು ಹಾಕಿ. ಎಷ್ಟೋ ಇಲಾಖೆಗಳ ಸೈಟಿನೊಳಗೆ ಇರುವ ಹುಡುಕುವ ಪೆಟ್ಟಿಗೆಗಿಂತ ಇದು ಚೆನ್ನಾಗಿ ಕೆಲಸ ಮಾಡುತ್ತದೆ.

ಎಲ್ಲ ಮಾಡಿದೆ, ಸಿಗಲಿಲ್ಲ. ಮುಂದೇನು?

ಎದ್ದು ಹೋಗಿ ಕೇಳಿ. ಬೆಳೆಯದ್ದಾದರೆ ರೈತ ಸಂಪರ್ಕ ಕೇಂದ್ರ, ತೋಟಗಾರಿಕೆ ಇಲಾಖೆ, ಕಾಫಿ ಮಂಡಳಿಯ ಕಚೇರಿ. ಎಲೆಯನ್ನೋ ಕಾಂಡವನ್ನೋ ಕೈಯಲ್ಲೇ ಹಿಡಿದುಕೊಂಡು ಹೋದರೆ ಐದು ನಿಮಿಷದ ಕೆಲಸ. ಪುಸ್ತಕವಾದರೆ ಜಿಲ್ಲಾ ಕೇಂದ್ರ ಗ್ರಂಥಾಲಯ. ಅಲ್ಲಿಯ ಕಪಾಟಿನಲ್ಲಿ ಇರುವ ಎಷ್ಟೋ ಪುಸ್ತಕಗಳನ್ನು ಇಂದಿನವರೆಗೂ ಯಾರೂ ಸ್ಕ್ಯಾನ್ ಮಾಡಿಲ್ಲ. ಸರ್ಕಾರಿ ದಾಖಲೆಯಾದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿ, 30 ದಿನದೊಳಗೆ ಉತ್ತರ ಕೊಡಬೇಕು. ಊರಿನ ವಿಷಯವಾದರೆ ಊರಿನ ಹಿರಿಯರು. ಅವರ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ.

ನಾವು ಬರೆದದ್ದು ಬೇರೆಯವರಿಗೆ ಸಿಗುವಂತೆ ಮಾಡುವುದು ಹೇಗೆ?

ಈ ಪ್ರಶ್ನೆಯನ್ನು ಇನ್ನೂ ಹೆಚ್ಚು ಜನ ಕೇಳಲಿ ಎಂದು ನನ್ನ ಆಸೆ. ಯೂನಿಕೋಡ್‌ನಲ್ಲಿ ಬರೆಯಿರಿ. ಹಳೆಯ ನುಡಿ ಫೈಲುಗಳಿದ್ದರೆ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಬದಲಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರ, ಸೊನ್ನೆಗಳನ್ನು ಒಮ್ಮೆ ಕಣ್ಣಾಡಿಸಿ ತಿದ್ದಿ. ಸ್ಕ್ಯಾನ್ ಹಾಕಲೇಬೇಕಾದರೆ ಅದರ ಕೆಳಗೆ ನಾಲ್ಕು ಸಾಲು ಟೈಪ್ ಮಾಡಿ: ಏನಿದು, ಯಾವ ಊರಿನದು, ಯಾವ ವರ್ಷದ್ದು. ಊರಿಗೆ, ಬೆಳೆಗೆ, ರೋಗಕ್ಕೆ ಎರಡು ಹೆಸರಿದ್ದರೆ ಎರಡನ್ನೂ ಬರೆಯಿರಿ. ದಿನಾಂಕ ಮರೆಯಬೇಡಿ. 2003ರಿಂದ ಇರುವ ಕನ್ನಡ ವಿಕಿಪೀಡಿಯದಲ್ಲಿ ನಿಮ್ಮೂರಿನ ಪುಟ ಇದೆಯೇ ನೋಡಿ, ಆಧಾರ ಇರುವ ಸಂಗತಿಯನ್ನು ಅಲ್ಲಿ ಸೇರಿಸಿ.

ಆ ಮೇಷ್ಟ್ರು ಕಳೆದ ತಿಂಗಳು ಪೆನ್‌ಡ್ರೈವ್ ತಂದಿದ್ದರು. ಶಾಸನದ ಪಾಠ, ಕಲ್ಲಿನ ನಾಲ್ಕು ಫೋಟೋ, ಊರಿನ ಹಳೆಯ ಹೆಸರು, ಈಗಿನ ಹೆಸರು ಎಲ್ಲ ಅದರಲ್ಲಿತ್ತು. ಎಲ್ಲವೂ ಹಳೆಯ ನುಡಿಯಲ್ಲಿ. ಇಬ್ಬರೂ ಕೂತು ಮಧ್ಯಾಹ್ನ ಪೂರ್ತಿ ಬದಲಿಸಿದೆವು, ಇನ್ನು ಎರಡು ಪುಟ ಬಾಕಿ ಇದೆ.